ಅಂಗನವಾಡಿಗೆ ಪಾಠಕ್ಕೆಂದೇ ಇನ್ನೊಬ್ಬರನ್ನು ಕೊಡಿ

ಮಾನ್ಯ ಸಂಪಾದಕರೇ,

ಮೂರರಿಂದ ಆರು ವರ್ಷದ ಮಕ್ಕಳನ್ನು ಅಂಗನವಾಡಿಯಲ್ಲೇ ಉಳಿಸಬೇಕೋ, ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಸೇರಿಸಬೇಕೋ ಎಂಬ ಚರ್ಚೆ ರಾಜ್ಯದಲ್ಲಿ ಕೆಲವು ವರ್ಷಗಳಿಂದ ನಡೆದೇ ಇದೆ. ಶಾಲೆಯಲ್ಲಿ ಎಲ್‌ಕೆಜಿ ತೆರೆದರೆ ತಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅಂಗನವಾಡಿಗಳನ್ನೇ ಮಾಂಟೆಸ್ಸರಿಗಳಾಗಿ ಮೇಲ್ದರ್ಜೆಗೇರಿಸುತ್ತೇವೆ ಎಂದು ಸರ್ಕಾರ ಹೇಳಿತು. ಯಾವ ಇಲಾಖೆ, ಯಾವ ಕಟ್ಟಡ ಎನ್ನುವುದರಲ್ಲೇ ಮಾತೆಲ್ಲ ಮುಗಿದುಹೋಗುತ್ತಿದೆ. ಆ ಕೋಣೆಯೊಳಗೆ ಮಗುವಿನ ಎದುರು ಕೂತು ದಿನಕ್ಕೆ ಎಷ್ಟು ಹೊತ್ತು ಯಾರು ಮಾತಾಡುತ್ತಾರೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಾನು ಒಂದನೇ ತರಗತಿಯ ಮಕ್ಕಳಿಗೆ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪಾಠ ಮಾಡುವವಳು. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಹುಣಸೆ ಬೀಜಗಳ ರಾಶಿ ಮುಂದಿಟ್ಟು ‘ಐದು ಬೀಜ ಕೊಡು’ ಎನ್ನುತ್ತೇನೆ. ಒಂದರಿಂದ ನೂರರವರೆಗೆ ಒಂದೇ ಉಸಿರಿನಲ್ಲಿ ಹೇಳಬಲ್ಲ ಮಗು ಮುಷ್ಟಿ ತುಂಬ ಬಾಚಿ ಕೊಡುತ್ತದೆ. ನಾಲ್ಕು ಗೆರೆ ಪುಸ್ತಕದಲ್ಲಿ ಎರಡು ವರ್ಷ ಎಬಿಸಿಡಿ ತಿದ್ದಿ ಬಂದ ಮಗು ಅದು. ಪಕ್ಕದಲ್ಲಿ ಕೂತ, ಒಂದಕ್ಷರವೂ ಬಾರದ ಹುಡುಗಿ ಬೀಜಗಳನ್ನು ಒಂದೊಂದಾಗಿ ಸರಿಸಿ ಎಣಿಸಿ, ‘ಟೀಚರ್, ನನ್ ಕಡೆ ಒಂದ್ ಹೆಚ್ಚ್ ಐತ್ರಿ, ಅಕಿಗೆ ಕೊಡ್ಲೇನ್ರಿ?’ ಎನ್ನುತ್ತಾಳೆ. ಎಣಿಕೆ, ಹೋಲಿಕೆ, ಹಂಚಿಕೆ, ಕೇಳಿ ಮಾಡುವ ನಡತೆ, ಎಲ್ಲವೂ ಆ ಒಂದು ಮಾತಿನಲ್ಲಿವೆ. ಇವಳ ಊರಿನ ಅಂಗನವಾಡಿಯಲ್ಲಿ ಯಾರೋ ಅವಳ ಜೊತೆ ಕೂತು ಆಡಿದ್ದಾರೆ, ಕಥೆ ಹೇಳಿದ್ದಾರೆ, ಅವಳು ಹೇಳಿದ್ದನ್ನೂ ಕೇಳಿಸಿಕೊಂಡಿದ್ದಾರೆ. ಇಂಥ ಮಗುವಿಗೆ ಓದು ಕಲಿಸಲು ನನಗೆ ಕೆಲವು ತಿಂಗಳು ಸಾಕು. ಮೊದಲನೆಯ ಮಗುವಿಗೆ ಇಡೀ ವರ್ಷವೂ ಸಾಲದೆ ಹೋಗುವುದುಂಟು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನ ಪೆರ್ರಿ ಶಾಲೆಯಲ್ಲಿ 1962ರಿಂದ 1967ರವರೆಗೆ ಒಂದು ಪ್ರಯೋಗ ನಡೆಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಶಾಲಾಪೂರ್ವ ಶಿಕ್ಷಣ ಸಿಕ್ಕಿತು: ದಿನಕ್ಕೆ ಎರಡೂವರೆ ಗಂಟೆ ತರಗತಿ, ಐದಾರು ಮಕ್ಕಳಿಗೆ ಒಬ್ಬರು ತರಬೇತಾದ ಶಿಕ್ಷಕರು, ವಾರಕ್ಕೊಮ್ಮೆ ಶಿಕ್ಷಕರೇ ಮನೆಗೆ ಹೋಗಿ ತಾಯಿಯ ಜೊತೆ ಮಾತುಕತೆ. ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಈ ಮಕ್ಕಳಿಗಿದ್ದ ಮುನ್ನಡೆ ಪ್ರಾಥಮಿಕ ಶಾಲೆಯಲ್ಲೇ ಕರಗಿತು. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ಪ್ರಯೋಗ ವ್ಯರ್ಥ ಎಂದಾಗುತ್ತಿತ್ತು. ಆದರೆ ಸಂಶೋಧಕರು ಅವರ ಬದುಕನ್ನು 40ನೇ ವಯಸ್ಸಿನವರೆಗೂ, ಆಮೇಲೂ ಗಮನಿಸಿದರು. ಅವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚಿದ್ದರು, ಗಳಿಕೆ ಹೆಚ್ಚಿತ್ತು, ಪೊಲೀಸ್ ಬಂಧನಗಳು ಕಡಿಮೆಯಿದ್ದವು. ಈ ಖರ್ಚಿಗೆ ಸಮಾಜಕ್ಕೆ ವರ್ಷಕ್ಕೆ ಶೇ 7ರಿಂದ 10ರಷ್ಟು ಪ್ರತಿಫಲ ಸಿಕ್ಕಿದೆ ಎಂದು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದ್ದಾರೆ.

ಅದೇ ದೇಶದ ಟೆನೆಸಿ ರಾಜ್ಯದ ಅನುಭವ ಬೇರೆ. ಅಲ್ಲಿನ ಸರ್ಕಾರಿ ಶಾಲಾಪೂರ್ವ ತರಗತಿಗಳಿಗೆ ಹೋದ ಮಕ್ಕಳು ಆರನೇ ತರಗತಿಗೆ ಬರುವ ಹೊತ್ತಿಗೆ, ಹೋಗದ ಮಕ್ಕಳಿಗಿಂತ ಕಡಿಮೆ ಅಂಕ ಪಡೆಯುತ್ತಿದ್ದರು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲಿ ಬೋರ್ಡು ಬದಲಿಸಿ ಎಲ್‌ಕೆಜಿ ಎಂದು ಬರೆಸುವವರು ಇದನ್ನು ಗಮನಿಸಬೇಕು. ತರಗತಿ ಇದೆ ಎಂದ ಮಾತ್ರಕ್ಕೆ ಮಗುವಿಗೆ ಒಳ್ಳೆಯದಾಗುತ್ತದೆ ಎಂಬ ಖಾತರಿಯಿಲ್ಲ.

ಹಾಗಾದರೆ ನಮ್ಮಲ್ಲಿ ಏನಾಗಬೇಕು? ಉತ್ತರ ಪಕ್ಕದ ತಮಿಳುನಾಡಿನಲ್ಲೇ ಇದೆ. ಅಲ್ಲಿನ 320 ಅಂಗನವಾಡಿಗಳನ್ನು ಆಯ್ದುಕೊಂಡು, ಅರ್ಧದಷ್ಟು ಕೇಂದ್ರಗಳಿಗೆ ಮಕ್ಕಳ ಕಲಿಕೆಗೆಂದೇ ಅರ್ಧ ದಿನ ದುಡಿಯುವ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ ಅಧ್ಯಯನ ಅದು. ಕಲಿಕೆಯ ಸಮಯ ದುಪ್ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಎದ್ದು ಕಾಣುವಷ್ಟು ಮುಂದಿದ್ದರು. ತೀವ್ರ ಅಪೌಷ್ಟಿಕತೆಯೂ ಕುಂಠಿತ ಬೆಳವಣಿಗೆಯೂ ಕಡಿಮೆಯಾದವು. ಪಾಠದ ಹೊರೆ ಇಳಿದಿದ್ದರಿಂದ ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಸಮಯ ಸಿಕ್ಕಿತ್ತು!

ನಮ್ಮ ಕಾರ್ಯಕರ್ತೆಯ ದಿನ ಹೇಗಿದೆ ನೋಡಿ. ಮಕ್ಕಳ ತೂಕ, ಎತ್ತರ ಅಳೆಯಬೇಕು. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬಬೇಕು, ಅದಕ್ಕೆ ನೆಟ್‌ವರ್ಕ್ ಹುಡುಕಬೇಕು. ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರ ಊಟ ನೋಡಿಕೊಳ್ಳಬೇಕು. ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆತರಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಅವರ ಮೇಲೆಯೇ. ಸಹಾಯಕಿ ಒಲೆಯ ಮುಂದಿರುತ್ತಾರೆ. ಇಷ್ಟರ ನಡುವೆ ಅಂಗನವಾಡಿ ಪಠ್ಯವಾದ ‘ಚಿಲಿಪಿಲಿ’ಯ ಚಟುವಟಿಕೆ ಮಾಡಿಸಲು ಉಳಿಯುವುದು ಎಷ್ಟು ಹೊತ್ತು? ಆದರೂ ಹಾಡು ಹೇಳಿಸುವ, ಮಣ್ಣಿನಲ್ಲಿ ಆಕಾರ ಮಾಡಿಸುವ ಅಕ್ಕಂದಿರಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ನಮ್ಮ ಕೊಪ್ಪಳ ಭಾಗದಲ್ಲಿ ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ನಾಲ್ಕು, ಐದನೇ ತರಗತಿಯ ಹುಡುಗಿಯರು ಶಾಲೆ ಬಿಡುತ್ತಾರೆ. ‘ತಮ್ಮನ್ನ ನೋಡ್ಕೊಳ್ಳಾಕ ಯಾರೂ ಇಲ್ರೀ’ ಎನ್ನುವುದೇ ಕಾರಣ. ತಾಯಿಗೆ ಅಂಗನವಾಡಿಯ ಮೇಲೆ ನಂಬಿಕೆಯಿದ್ದರೆ, ಸಂಜೆ ನಾಲ್ಕರವರೆಗೆ ಮಗು ಅಲ್ಲಿ ನಗುತ್ತಾ ಇರುತ್ತದೆ ಎಂಬ ಧೈರ್ಯವಿದ್ದರೆ, ತಾಯಿ ಕೂಲಿಗೆ ಹೋಗುತ್ತಾಳೆ, ಅಕ್ಕ ಶಾಲೆಗೆ ಬರುತ್ತಾಳೆ. ಒಂದು ಕೇಂದ್ರ ಚೆನ್ನಾಗಿದ್ದರೆ ಒಂದೇ ಮನೆಯ ಮೂವರಿಗೆ ಅನುಕೂಲ.

ಆರು ವರ್ಷದೊಳಗಿನ ಎಲ್ಲ ಮಕ್ಕಳ ಪಾಲನೆ, ಶಿಕ್ಷಣಕ್ಕೆ ಪ್ರಭುತ್ವ ಶ್ರಮಿಸಬೇಕೆಂದು 2002ರ ತಿದ್ದುಪಡಿಯ ನಂತರ ಸಂವಿಧಾನದ 45ನೇ ವಿಧಿ ಹೇಳುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಖಾತರಿ ಶುರುವಾಗುವುದೇ ಆರನೇ ವರ್ಷದಿಂದ. ಅದಕ್ಕೂ ಮೊದಲಿನ ಶಿಕ್ಷಣವನ್ನು ಕಾಯ್ದೆಯ 11ನೇ ಸೆಕ್ಷನ್ ಸರ್ಕಾರಗಳ ಇಚ್ಛೆಗೆ ಬಿಟ್ಟಿದೆ. ಕೇಂದ್ರ ಕಾಯ್ದೆ ಬದಲಾಗುವವರೆಗೆ ಕಾಯುವ ಅಗತ್ಯ ಕರ್ನಾಟಕಕ್ಕಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಆರಂಭವಾದಾಗಲೇ ತಿ. ನರಸೀಪುರದಲ್ಲಿ ಅಂಗನವಾಡಿ ತೆರೆದ ರಾಜ್ಯ ನಮ್ಮದು.

ಮುಂದಿನ ಬಜೆಟ್ಟಿನಲ್ಲಿ ಪ್ರತಿ ಅಂಗನವಾಡಿಗೂ ಕಲಿಕೆಗೆಂದೇ ಒಬ್ಬರನ್ನು ನೇಮಿಸಲು ಹಣ ಇಡಬೇಕು. ಒಮ್ಮೆಲೇ ಆಗದಿದ್ದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಶುರುಮಾಡಲಿ. ಪಿಯುಸಿ ಮುಗಿಸಿರುವ ಈಗಿನ ಸಹಾಯಕಿಯರಿಗೆ ಮೊದಲ ಆದ್ಯತೆ ಸಿಗಲಿ. ಹೀಗೆ ಕಲಿಕೆಗೆಂದು ನೇಮಕವಾದವರಿಗೆ ಸಮೀಕ್ಷೆ, ಮತದಾರರ ಪಟ್ಟಿಯಂಥ ಬೇರೆ ಯಾವ ಕೆಲಸವನ್ನೂ ವಹಿಸುವಂತಿಲ್ಲ ಎಂದು ನೇಮಕಾತಿ ಆದೇಶದಲ್ಲೇ ಬರೆದಿರಲಿ.

– ಒಬ್ಬ ನಲಿ-ಕಲಿ ಶಿಕ್ಷಕಿ, ಕೊಪ್ಪಳ ಜಿಲ್ಲೆ