ಮೈದಾನ ಸಿಕ್ಕ ಮೇಲೆ ಆಡುತ್ತೇವೆ ಅನ್ನಬೇಡ

ಮೈಸೂರು
ಭಾನುವಾರ ಸಂಜೆ

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಅಮ್ಮನ ಮಂಡಿನೋವು ವಾಸಿ. ನಿನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ, ನಾನು ಸುಮ್ನೆ ಕೇಳಿಸಿಕೊಂಡೆ. ಕ್ರಿಕೆಟ್ ಕ್ಲಬ್ಬಿಗೆ ಯೂನಿವರ್ಸಿಟಿ ಮೈದಾನ ಕೊಡುತ್ತಿಲ್ಲ, ದುಡ್ಡು ಕೊಡುತ್ತಿಲ್ಲ, ಅದಕ್ಕೇ ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಅಂದೆ. ಬಿಡುವುದಾದರೆ ಬಿಡು. ಆದರೆ ಅದಕ್ಕೆ ಮುಂಚೆ ನೀನಿರುವ ಬ್ಲೂಮಿಂಗ್ಟನ್ ಊರಿನದೇ ಒಂದು ಕತೆ ಕೇಳು. ನಾಲ್ಕು ವರ್ಷ ಆ ಊರಿನ ಚಳಿ ತಿಂದವನು ನಾನು, ಅಷ್ಟು ಹಕ್ಕು ಇದೆ.

ಬ್ಲೂಮಿಂಗ್ಟನ್ ಇರುವ ಅಮೆರಿಕದ ಇಂಡಿಯಾನಾ ರಾಜ್ಯ ಅಂದರೆ ಬಾಸ್ಕೆಟ್‌ಬಾಲ್. ಅದು ನಿನಗೇ ಗೊತ್ತು, ಕೊಟ್ಟಿಗೆ ಗೋಡೆಗೂ ಒಂದು ಬಳೆ ನೇತುಹಾಕಿರುತ್ತಾರೆ. ಅಂಥ ಕಡೆಗೆ 1963ರಲ್ಲಿ ಜೆರ್ರಿ ಯೇಗ್ಲಿ ಅಂತ ಪೆನ್ಸಿಲ್ವೇನಿಯಾದ ಹುಡುಗ ಬಂದ. ತಾನು ಓದಿದ ವೆಸ್ಟ್ ಚೆಸ್ಟರ್ ಕಾಲೇಜಿನ ಸಾಕರ್ ಟೀಮಿನಲ್ಲಿ, ಅಂದರೆ ನಮ್ಮ ಫುಟ್‌ಬಾಲ್, 1961ರ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿದ್ದವನು. ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಅವನ ಕೈಗೆ ಸಿಕ್ಕಿದ್ದು ಸಾಕರ್ ಕ್ಲಬ್. ಟೀಮ್ ಅಲ್ಲ, ಕ್ಲಬ್. ನಿನ್ನದರ ಹಾಗೆಯೇ, ಆಡುವ ಆಸೆ ಇದ್ದವರೆಲ್ಲ ಸೇರಿಕೊಂಡದ್ದು.

ಅಧಿಕೃತ ಟೀಮ್ ಮಾಡಿ ಅಂತ ಅವನು ಕೇಳುತ್ತಲೇ ಇದ್ದ. ಮಾಡಿದ್ದು 1973ರಲ್ಲಿ. ಹತ್ತು ವರ್ಷ ಕಣೋ! ಆ ಹತ್ತು ವರ್ಷವೂ ಅವನು ಅರ್ಜಿ ಹಿಡಿದು ಕೂತಿರಲಿಲ್ಲ, ಆಡಿಸುತ್ತಿದ್ದ. ಟೀಮ್ ಅಧಿಕೃತವಾದ ನಾಲ್ಕನೇ ವರ್ಷಕ್ಕೇ, 1976ರಲ್ಲಿ, ಅವರು ರಾಷ್ಟ್ರೀಯ ಫೈನಲ್ ತಲುಪಿದರು. ನಾಲ್ಕು ವರ್ಷದಲ್ಲಿ ಎಲ್ಲಿಂದ ಬಂತು ಆ ಟೀಮು? ಯಾರೂ ತಿರುಗಿ ನೋಡದೆ ಇದ್ದಾಗ ಬೆಳೆದದ್ದು ಅದು.

ಆ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಯೂನಿವರ್ಸಿಟಿಗೆ 1–0ರಿಂದ ಸೋತರು. 1978ರಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಸ್ಯಾನ್ ಫ್ರಾನ್ಸಿಸ್ಕೊ, ಮತ್ತೆ ಸೋಲು. 1980ರಲ್ಲಿ ಮೂರನೇ ಸಲ, ಅದೇ ಎದುರಾಳಿ, 4–3. ಹಣೆಬರಹ ಅನ್ನು. ಇನ್ನೊಂದು ತಮಾಷೆ ಕೇಳು. ನಿಯಮ ಮುರಿದ ಕಾರಣಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ 1978ರ ಪಟ್ಟವನ್ನು ಆಮೇಲೆ ರದ್ದು ಮಾಡಿದರು. ಹಾಗಂತ ಅದನ್ನು ತಂದು ಇಂಡಿಯಾನಾಗೆ ಕೊಡಲಿಲ್ಲ. ಆ ವರ್ಷದ ಜಾಗ ಖಾಲಿ.

ಕೊನೆಗೆ ಗೆದ್ದದ್ದು 1982ರಲ್ಲಿ, ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ, ಡ್ಯೂಕ್ ಯೂನಿವರ್ಸಿಟಿ ಮೇಲೆ. ಮಾಮೂಲಿ ತೊಂಬತ್ತು ನಿಮಿಷಕ್ಕೆ 1–1. ಆಮೇಲೆ ಹೆಚ್ಚುವರಿ ಆಟ, ಅದು ಮುಗಿದರೆ ಇನ್ನೊಂದು, ಹೀಗೇ ಎಂಟು ಸಲ! ಒಟ್ಟು 159 ನಿಮಿಷ. ಎರಡೂ ಗೋಲು ಹೊಡೆದವನು ಗ್ರೆಗ್ ಥಾಂಪ್ಸನ್, ಹಿಂದೆ ನಿಂತು ಗೋಲು ತಡೆಯಬೇಕಾದ ಡಿಫೆಂಡರ್. ನಾನು ಅಲ್ಲಿಗೆ ಹೋದ ಮೇಲೂ ಆ ಮ್ಯಾಚಿನ ಮಾತು ಕ್ಯಾಂಟೀನಿನಲ್ಲಿ ಬರುತ್ತಿತ್ತು. ಎರಡೂವರೆ ಗಂಟೆ ಓಡಿದ ಕಾಲಿನಲ್ಲಿ ಇನ್ನೇನು ಉಳಿದಿರುತ್ತೆ ಅಂತ ನನಗೆ ಈಗಲೂ ಆಶ್ಚರ್ಯ. ಮರುವರ್ಷ ಕೊಲಂಬಿಯಾ ಯೂನಿವರ್ಸಿಟಿಯನ್ನು ಸೋಲಿಸಿ ಮತ್ತೆ ಗೆದ್ದರು.

ನಾನು ಕಣ್ಣಾರೆ ನೋಡಿದ್ದು 1988ರದ್ದು. ಫೈನಲ್ ನಡೆದದ್ದು ಬ್ಲೂಮಿಂಗ್ಟನ್‌ನಲ್ಲೇ, ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂನಲ್ಲಿ, ಹೋವರ್ಡ್ ಯೂನಿವರ್ಸಿಟಿ ಮೇಲೆ. ಡಿಸೆಂಬರ್. ಎರಡು ಸ್ವೆಟರ್, ಅದರ ಮೇಲೆ ನಿಮ್ಮಜ್ಜಿ ಹೆಣೆದ ಮಂಕಿ ಕ್ಯಾಪ್. ಲ್ಯಾಬಿನ ಗೆಳೆಯನ ಬಲವಂತಕ್ಕೆ ಹೋದವನು ನಾನು. ಇಂಡಿಯಾನಾ 1–0ರಿಂದ ಗೆದ್ದಿತು. ಆದರೆ ಮನಸ್ಸಿಗೆ ಹತ್ತಿದ್ದು ಹೋವರ್ಡ್‌ನ ಕತೆ. ಕಪ್ಪು ಜನರಿಗೆಂದು ಹುಟ್ಟಿದ ಯೂನಿವರ್ಸಿಟಿ ಅದು. 1971ರಲ್ಲಿ ಅವರು ಗೆದ್ದ ಪಟ್ಟವನ್ನು ಆಟಗಾರರ ಅರ್ಹತೆಯ ತಕರಾರು ತೆಗೆದು ಕಿತ್ತುಕೊಂಡಿದ್ದರು. 1974ರಲ್ಲಿ ಅವರು ಒಂದು ಮ್ಯಾಚೂ ಸೋಲದೆ ಅದನ್ನು ಮತ್ತೆ ಗೆದ್ದುಕೊಂಡರು.

ಮ್ಯಾಚ್ ಮುಗಿದ ಮೇಲೆ ಮೈದಾನದ ಸುತ್ತ ಇರುವ ಸಿಂಡರ್ (ಕರಿ ಹರಳು ಹಾಸಿದ) ಟ್ರ್ಯಾಕಿನ ಮೇಲೆ ಸ್ವಲ್ಪ ನಡೆದೆ. ಲಿಟಲ್ ಫೈವ್ ಹಂಡ್ರೆಡ್ ಸೈಕಲ್ ರೇಸ್ ನಡೆಯುವುದು ಅದರ ಮೇಲೆಯೇ. ರೂಮಿಗೆ ಬಂದು ಬೂಟು ಕೊಡವಿದರೆ ಪೇಪರ್ ಮೇಲೆ ಕರಿ ಹರಳು ಉದುರಿದವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನನ್ನದೂ ಒಂದು ಹಳೇ ನೋವಿದೆ. ನಾನು ಡಿಗ್ರಿ ಓದಿದ ಕಾಲೇಜಿನಲ್ಲಿ ಫುಟ್‌ಬಾಲ್ ಟೀಮ್ ಬೇಕು ಅಂತ ನಾವು ಹನ್ನೆರಡು ಹುಡುಗರು ಅರ್ಜಿ ಕೊಟ್ಟಿದ್ದೆವು. ಕಾಲೇಜಿನ ಹೆಸರು ಬೇಡ, ಬಿಡು. ಆ ಅರ್ಜಿಯ ಹಿಂದೆ ಎರಡು ವರ್ಷ ಅಲೆದೆವು. ಅಷ್ಟರಲ್ಲಿ ಪರೀಕ್ಷೆ ಬಂತು, ಡಿಗ್ರಿ ಮುಗಿಯಿತು. ಒಂದೇ ಒಂದು ಮ್ಯಾಚ್ ಆಡಲಿಲ್ಲ ಪುಟ್ಟ. ಪಕ್ಕದಲ್ಲೇ ಬೀಳುಗದ್ದೆ ಇತ್ತು, ಚೆಂಡೂ ಇತ್ತು. ಅನುಮತಿ ಇರಲಿಲ್ಲ, ಅಷ್ಟೆ. ತಪ್ಪು ಕಾಲೇಜಿನದ್ದು ಅಂತ ಬಹಳ ವರ್ಷ ಬೈಕೊಂಡು ಓಡಾಡಿದೆ. ಅರ್ಧ ತಪ್ಪು ನಮ್ಮದು.

ಯೇಗ್ಲಿಗೂ ನಿನಗೂ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಲ್ಲ. ಅವನು ಅಲ್ಲೇ ಸಂಬಳಕ್ಕಿದ್ದವನು, ಹತ್ತು ವರ್ಷ ಕಾಯಬಲ್ಲ. ನಿನಗಿರುವುದು ಇನ್ನು ಮೂರು ವರ್ಷ. ನೀನು ಮಾಡಿದ್ದರ ಫಲ ಬೇರೆ ಯಾವನಿಗೋ ಸಿಗಬಹುದು. ಅದು ಸರಿ ಅನ್ನಿಸಿದರೆ ಮಾತ್ರ ಮುಂದುವರಿ.

ಮುಂದುವರಿಯುವುದಾದರೆ ಪ್ರತಿ ಶನಿವಾರ ಒಂದೇ ಹೊತ್ತಿಗೆ ಆಡಿ, ಐದೇ ಜನ ಬಂದರೂ. ಪಾರ್ಕಿನಲ್ಲಿ ಟೆನಿಸ್ ಬಾಲ್ ಆದರೂ ಸರಿ. ಸ್ಕೋರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು, ನಾಳೆ ಆಫೀಸಿನವರ ಮುಂದೆ ಇಡಲು ಅದೇ ಬೇಕಾಗುವುದು. ನಮ್ಮ ಹುಡುಗರೇ ಗುಂಪು ಕಟ್ಟಿಕೊಂಡು ಕೂರಬೇಡಿ, ಬ್ಯಾಟ್ ಹಿಡಿಯಲು ಬಾರದ ಅಮೆರಿಕದವನನ್ನೂ ಕರೆಯಿರಿ. ಅರ್ಜಿಯನ್ನೂ ವರ್ಷಕ್ಕೊಂದು ಸಲ ಹಾಕುತ್ತಿರು, ಸಿಟ್ಟಿಲ್ಲದೆ. ಓದು ಹಾಳುಮಾಡಿಕೊಂಡರೆ ನಿನ್ನಮ್ಮ ನನ್ನನ್ನು ಬಿಡಲ್ಲ, ನೆನಪಿರಲಿ.

ಸೋಲಿನ ವಿಷಯ ಜಾಸ್ತಿ ಹೇಳಲ್ಲ. ಯೇಗ್ಲಿ 544 ಮ್ಯಾಚ್ ಗೆದ್ದು, ಆರನೇ ಚಾಂಪಿಯನ್‌ಶಿಪ್ ಎತ್ತಿಕೊಂಡು 2003ರಲ್ಲಿ ನಿವೃತ್ತನಾದ. ಅವನ ಮಗ ಟಾಡ್ 1994ರಲ್ಲಿ ಆಟಗಾರನಾಗಿ ಫೈನಲ್ ಸೋತವನು, 2012ರಲ್ಲಿ ಕೋಚಾಗಿ ಗೆದ್ದ. 2022ರಲ್ಲಿ ಮತ್ತೆ ಫೈನಲ್‌ಗೆ ಬಂದು ಸಿರಾಕ್ಯೂಸ್‌ಗೆ ಪೆನಾಲ್ಟಿಯಲ್ಲಿ ಸೋತ. ಮೊನ್ನೆ ಕೂತು ಲೆಕ್ಕ ಹಾಕಿದೆ. ಆವರೆಗೆ ಇಂಡಿಯಾನಾ ಎಂಟು ಸಲ ಫೈನಲ್ ಗೆದ್ದಿದೆ, ಒಂಬತ್ತು ಸಲ ಸೋತಿದೆ. ಸೋತದ್ದೇ ಒಂದು ಜಾಸ್ತಿ!

ಚಟ್ನಿಪುಡಿ, ಹುರಿಗಾಳು ಸೋಮವಾರ ಪಾರ್ಸೆಲ್ ಮಾಡುತ್ತೇನೆ. ಬಿಡುವಾದಾಗ ಆರ್ಮ್‌ಸ್ಟ್ರಾಂಗ್ ಕಡೆ ಒಂದು ಸಲ ಹೋಗಿ ಬಾ. ಆ ಕರಿ ಟ್ರ್ಯಾಕಿನ ಮೇಲೆ ನಡೆದು, ಬೂಟಿನಡಿ ಈಗಲೂ ಹಾಗೇ ಕರಕರ ಅನ್ನುತ್ತಾ ಅಂತ ಬರೆ.

ಇತಿ,
ನಿನ್ನ ಮಾವ