ಘಾಟ್ ಇಳಿಯುವವರಿಗೆ: ಹೈ-ಲೋ ಬಟನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ ಲೋಡ್ ಒಯ್ಯುವವರು, ಅದರಲ್ಲೂ 9 ಗೇರಿನ ಗಾಡಿಗೆ ಹೊಸಬರು, ಇದನ್ನು ಪೂರ್ತಿ ಓದಿ.

ಗೇರ್ ಲಿವರ್‌ನಲ್ಲಿರುವ ಹೈ-ಲೋ ಬಟನ್ ಗೇರುಗಳ ಗುಂಪನ್ನು, ಅಂದರೆ ರೇಂಜ್ ಅನ್ನು, ಬದಲಿಸುತ್ತದೆ: ಲೋ ಅಂದರೆ ನಿಧಾನದ ಗೇರುಗಳು, ಹೈ ಅಂದರೆ ವೇಗದವು. ಹೈನಿಂದ ಲೋಗೆ ಬರುವುದಿದ್ದರೆ ಇಳಿಜಾರು ಶುರುವಾಗುವ ಮುಂಚೆಯೇ ಬನ್ನಿ. ಬಟನ್ ಬದಲಿಸಿದ ತಕ್ಷಣ ರೇಂಜ್ ಬದಲಾಗಲ್ಲ. ಲಿವರ್ ನ್ಯೂಟ್ರಲ್‌ಗೆ ಬಂದಾಗ ಗಾಳಿಯ ಒತ್ತಡದಿಂದ ಬದಲಾಗುತ್ತದೆ. ಆ ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ಅಷ್ಟರಲ್ಲಿ ಗಾಡಿ ಓಟ ಹಿಡಿದು ಗೇರ್ ಕೂರದೇ ಹೋದರೆ? ಉಳಿಯುವುದು ಕಾಲಡಿಯ ಬ್ರೇಕ್ ಒಂದೇ. ಅದನ್ನೂ ಒಂದೇ ಸಮನೆ ತುಳಿದರೆ ಚಕ್ರದ ಬ್ರೇಕ್ ಡ್ರಮ್ ಕಾದು ಹಿಡಿತ ಬಿಡುತ್ತದೆ. ಟು-ಸ್ಪೀಡ್ ಆಕ್ಸಲ್ (ಹಿಂದಿನ ಆಕ್ಸಲ್‌ನಲ್ಲೇ ಹೈ-ಲೋ ಇರುವ) ಗಾಡಿಗೂ ಇದೇ ನಿಯಮ, ಇಳಿಜಾರಲ್ಲಿ ಅದರ ಬಟನ್ ಮುಟ್ಟಲೇಬೇಡಿ.

ಹತ್ತುವಾಗ ಯಾವ ಗೇರ್ ಬೇಕಾಗುತ್ತೋ ಇಳಿಯುವಾಗಲೂ ಅದೇ, ಇಲ್ಲವೇ ಒಂದು ಕಡಿಮೆ. ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡುವುದು) ಹಾಕಿಕೊಂಡು ಇಳಿಯಿರಿ. ಆದರೆ ಮಳೆಯಲ್ಲಿ ಖಾಲಿ ಗಾಡಿ ಇದ್ದರೆ ಜೋಪಾನ, ಹಿಂದಿನ ಚಕ್ರ ಜಾರುತ್ತದೆ.

ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯಬೇಕು ಅನ್ನುವವರಿಗೆ ಒಂದು ಮಾತು. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಟ್ಟು ಎಕ್ಸಲರೇಟರ್ ಬಿಟ್ಟರೆ ಡೀಸೆಲ್ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಸುಮ್ನೆ ಕುಡಿಯುತ್ತಿರುತ್ತದೆ! ಇನ್ನು ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಹುಚ್ಚುತನ. ಸ್ಟೇರಿಂಗ್ ಬಿಗಿಯಾಗುತ್ತದೆ, ಗಾಳಿ ತುಂಬುವ ಕಂಪ್ರೆಸರ್ ನಿಂತು ಬ್ರೇಕಿನ ಗಾಳಿ ಖಾಲಿಯಾಗುತ್ತಾ ಹೋಗುತ್ತದೆ.

ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್‌ಗೆ ನೀರು ಮಾತ್ರ ಎರಚಬೇಡಿ, ಸೀಳುತ್ತದೆ. ತಾನಾಗಿಯೇ ಆರಲಿ.