ಮುತ್ಯಾ ಹಾಕಿದ ನಕ್ಷೆ: ಪಾಲಕರಿಗೆ ಒಂದು ಪತ್ರ

ನವನಗರ, ಬಾಗಲಕೋಟೆ

ಎಲ್ಲ ಪಾಲಕರಿಗೆ ನಮಸ್ಕಾರ.

ನಾವೆಲ್ಲ ಮುತ್ಯಾ (ಅಜ್ಜ) ಎನ್ನುತ್ತಿದ್ದ ಹಿರಿಯರು ತೀರಿಕೊಂಡ ದಿನ ಶಾಲೆಗೆ ಯಾಕೆ ರಜೆ ಕೊಡಲಿಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಇಬ್ಬರು ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಕೇಳಿದಿರಿ. ಕೇಳಿದ್ದು ಸರಿಯೇ. ನಮ್ಮ ಸೆಕ್ಟರಿನಲ್ಲಿ ಅವರಿಗೆ ಒಂದು ಮಾತು ಹೇಳದೆ ಮದುವೆ ನಿಶ್ಚಯವಾಗುತ್ತಿರಲಿಲ್ಲ, ಎರಡು ಮನೆಗಳ ನಡುವೆ ಗೋಡೆ ಏಳುತ್ತಿರಲಿಲ್ಲ. ಅಂಥವರು ಹೋದ ದಿನ ಶಾಲೆಯ ಗಂಟೆ ಬಾರಿಸಿದ್ದು ಕೇಳಿ ಬೇಜಾರಾಗಿರುತ್ತದೆ.

ನಿಜ ಹೇಳಬೇಕೆಂದರೆ, ರಜೆ ಕೊಡಲು ನನಗೆ ಹೆದರಿಕೆಯಾಯಿತು. ಹಿಂದೊಮ್ಮೆ ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಹತ್ತು ಗಂಟೆಗೇ ಮಕ್ಕಳನ್ನು ಮನೆಗೆ ಕಳಿಸಿದ್ದೆವು. ಹನ್ನೊಂದಕ್ಕೆ ಮುತ್ಯಾ ಕೋಲು ಊರಿಕೊಂಡು ಆಫೀಸಿಗೆ ಬಂದರು. "ಅಕ್ಕೋರ, ಸತ್ತವ್ರ ಹೆಸರ್ಲೆ ಹುಡುಗ್ರು ಗೋಲಿ ಆಡಾಕತ್ತಾವ್ರಿ. ನಾ ಸತ್ತಾಗ ಮಾತ್ರ ಸಾಲಿ ಬಿಡಬ್ಯಾಡ್ರಿ" ಎಂದು ಹೇಳಿ, ಚಹಾನೂ ಕುಡಿಯದೆ ಹೋದರು. ಅದಕ್ಕೇ ಆ ದಿನ ಬಿಸಿಯೂಟ ಮುಗಿದ ಮೇಲೆ ಐದು, ಆರು, ಏಳನೇ ತರಗತಿಯ ಮಕ್ಕಳು ಸಾಲಾಗಿ ಹೋಗಿ ನೋಡಿ ಬಂದರು. ಅಷ್ಟೇ ಮಾಡಿದ್ದು.

ಬೇರೆ ಊರಿನಿಂದ ಈಚೆಗೆ ಬಂದ ಪಾಲಕರಿಗೆ ಅವರು ಗೇಟಿನ ಪಕ್ಕ ಕೂರುತ್ತಿದ್ದ ಪಟಗದ ಅಜ್ಜ, ಅಷ್ಟೇ. ಅವರಿಗೆ 92 ವರ್ಷವಾಗಿತ್ತು. ಬಾಗಲಕೋಟೆ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಏಳನೇ ಇಯತ್ತೆ ಓದಿ ಮುಲ್ಕಿ ಪರೀಕ್ಷೆ ಪಾಸಾದವರು. ಆಗ ಮುಲ್ಕಿ ಪಾಸಾದವರು ಮಾಸ್ತರಿಕೆಗೆ ಹೋಗಬಹುದಿತ್ತು. ಇವರ ತಂದೆ ಮಾತ್ರ ಹಳೆ ಊರಿನ ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ ಕೂರಿಸಿದರು. ಆ ಸಿಟ್ಟನ್ನು ಕೊನೆಯವರೆಗೂ ನಮ್ಮ ಮೇಷ್ಟ್ರುಗಳ ಮೇಲೆ ತೀರಿಸಿಕೊಂಡರು ಅನ್ನಿ! ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಅವರಿಗೆ ಯಾವ ಹುದ್ದೆಯೂ ಇರಲಿಲ್ಲ, ಆದರೂ ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಅವರದೇ. ಒಮ್ಮೆ ಹುಡುಗಿಯರ ಶೌಚಾಲಯಕ್ಕೆ ಬೀಗ ಹಾಕಿದ್ದನ್ನು ನೋಡಿ, ಮಕ್ಕಳ ಎದುರಿಗೇ ನನ್ನನ್ನು ಗದರಿದರು. ನನಗೆ ಅದು ಸೇರಲಿಲ್ಲ. ಒಂದು ವಾರ ನಾವಿಬ್ಬರೂ ಮಾತಾಡಲಿಲ್ಲ. ಬೀಗ ಮಾತ್ರ ಅವತ್ತೇ ತೆಗೆಸಿದೆ.

1972ರ ಬರದಲ್ಲಿ ಅವರು ಓಣಿಗೆಲ್ಲ ಜೋಳ ಉದ್ರಿ ಕೊಟ್ಟರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅವರನ್ನೇ ಕೇಳಿದರೆ, "ದಲಾಲಿ ಅಂಗಡ್ಯಾಂವ ನನಗ ಉದ್ರಿ ಕೊಟ್ಟ, ನಾ ಅವ್ರಿಗೆ ಕೊಟ್ಟೆ, ಅದರಾಗ ನಂದೇನೈತ್ರಿ" ಎನ್ನುತ್ತಿದ್ದರು. ಆ ಉದ್ರಿ ವಹಿಗಳನ್ನು ಅವರು ಎಸೆಯಲಿಲ್ಲ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ವಹಿ. ಅವು ಮುಂದೆ ಬೇರೆಯೇ ಕೆಲಸಕ್ಕೆ ಬಂದವು.

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಹಿನ್ನೀರು ನಮ್ಮ ಹಳೆ ಊರಿನ ಓಣಿಗಳಿಗೆ ಬಂದು ನಾವು ಈ ನವನಗರಕ್ಕೆ ಬರುವಷ್ಟರಲ್ಲಿ ಮೂವತ್ತು ವರ್ಷಕ್ಕೂ ಮೇಲಾಯಿತು. ಅಷ್ಟರಲ್ಲಿ ಒಂದು ತಲೆಮಾರು "ನೀರು ಬರೂದಿಲ್ಲ ಬಿಡ್ರಿ" ಎನ್ನುತ್ತಲೇ ಮುದಿಯಾಗಿತ್ತು. ಅಣೆಕಟ್ಟೆಯಲ್ಲಿ ನೀರು ನಿಲ್ಲುವುದು ಸಮುದ್ರ ಮಟ್ಟದಿಂದ 519.60 ಮೀಟರಿಗೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಹಳೆ ಮನೆ ಎಷ್ಟು ಅಂಕಣದ್ದು ಎನ್ನುವುದಕ್ಕಿಂತ ಎಷ್ಟು ಮೀಟರಿನದು ಎನ್ನುವುದೇ ಅವರ ಬಾಯಿಗೆ ಮೊದಲು ಬರುತ್ತದೆ. ಮುಳುಗಡೆ ಊರಿನವರ ಲೆಕ್ಕವೇ ಹಾಗೆ.

ಪರಿಹಾರದ ಅರ್ಜಿ ತುಂಬುವಾಗ ಮನೆ ಇದ್ದವರ ಹತ್ತಿರ ಉತಾರ (ಆಸ್ತಿಯ ದಾಖಲೆ) ಇತ್ತು. ಬಾಡಿಗೆ ಇದ್ದವರ ಹತ್ತಿರ ಏನೂ ಇರಲಿಲ್ಲ. ಇಷ್ಟು ವರ್ಷ ಇದೇ ಓಣಿಯಲ್ಲಿ ಇದ್ದೆವು ಎನ್ನಲು ಯಾವ ಕಾಗದ ತೋರಿಸಬೇಕು? ಮುತ್ಯಾ ಉದ್ರಿ ವಹಿಗಳನ್ನು ಗಂಟು ಕಟ್ಟಿಕೊಂಡು ಕಚೇರಿಗೆ ಹೋದರಂತೆ. ಯಾವ ತಿಂಗಳು ಯಾರ ಮನೆಗೆ ಎಷ್ಟು ಬೆಲ್ಲ, ಎಷ್ಟು ಚಹಾಪುಡಿ ಹೋಯಿತು ಎಂದು ತಾರೀಖು ಹಾಕಿ ಬರೆದಿತ್ತು. ಮೇಜಿನ ಆಚೆ ಕೂತವರು ಮೊದಲು ನಕ್ಕರಂತೆ. ಮುತ್ಯಾ ಮರುದಿನ ಮತ್ತೆ ಹೋದರು, ಅದರ ಮರುದಿನವೂ. ಕೆಲವರ ಕೆಲಸ ಆಯಿತು, ಕೆಲವರದು ಆಗಲಿಲ್ಲ. ಆಗದವರ ಹೆಸರು ಅವರಿಗೆ ಕೊನೆಯವರೆಗೂ ಬಾಯಿಪಾಠವಿತ್ತು.

ಪರಿಹಾರದ ದುಡ್ಡು ಬಂದಾಗ ಅಣ್ಣತಮ್ಮಂದಿರು ಜಗಳವಾಡದ ಮನೆ ನಮ್ಮಲ್ಲಿ ಕಡಿಮೆ. ಆ ನ್ಯಾಯಗಳನ್ನೆಲ್ಲ ಅವರೇ ಕೂತು ಬಗೆಹರಿಸಿದರು. ಅವರ ಮನೆಯಲ್ಲೇ ಮಾತ್ರ ತೊಡಕಾಯಿತು. ಮಗಳಿಗೂ ಪಾಲು ಎನ್ನುವ ಕಾಯ್ದೆ ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂದಿದ್ದರೂ, ಹೆಣ್ಣುಮಕ್ಕಳಿಂದ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೇ ನಮ್ಮ ಕಡೆ ರೂಢಿ, ಅಲ್ವಾ? ಮುತ್ಯಾ ಇಬ್ಬರು ಗಂಡುಮಕ್ಕಳಿಗೆ, ಮೂವರು ಹೆಣ್ಣುಮಕ್ಕಳಿಗೆ ದುಡ್ಡನ್ನು ಐದು ಪಾಲು ಮಾಡಿದರು. ದೊಡ್ಡ ಮಗ ಎರಡು ವರ್ಷ ಅಪ್ಪನ ಜೊತೆ ಮಾತು ಬಿಟ್ಟರು. "ಊರ ನ್ಯಾಯ ಸಸಾರ್ರಿ ಅಕ್ಕೋರ, ಮನಿ ನ್ಯಾಯ ಬಿರಿ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಈಗ ಅದೇ ಮಗನ ಮೊಮ್ಮಗಳು ನಮ್ಮಲ್ಲಿ ಮೂರನೇ ತರಗತಿಯಲ್ಲಿದ್ದಾಳೆ. ಅವಳ ತಾಯಿ ಬೆಳಗಿನ ಬಸ್ಸಿಗೆ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಜಡೆ ಹೆಣೆಯುವ ಕೆಲಸ ಮುತ್ಯಾನದು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ರಿಬ್ಬನ್ನಿಗೆ ಮಾತ್ರ ಅಂಗಡಿಯ ಪೊಟ್ಟಣ ಕಟ್ಟುವ ಗಂಟು. ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ.

ಈ ಪತ್ರ ಬರೆಯಲು ಕಾರಣ ಬೇರೆ ಇದೆ. ನನ್ನಿಂದ ಒಂದು ತಪ್ಪಾಗಿದೆ.

ಹೋದ ಡಿಸೆಂಬರಿನಲ್ಲಿ ಆರನೇ ತರಗತಿಯವರಿಗೆ ನಕ್ಷೆಯ ಪಾಠ ನಡೆದಿತ್ತು. ಮುತ್ಯಾ ಸುಮ್ನೆ ಹಿಂದೆ ಬಂದು ಕೂತಿದ್ದರು. ವಿಳಾಸ ಬರೆಯಿರಿ ಎಂದರೆ ಎಲ್ಲರೂ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಬರೆದರು. ಒಬ್ಬ ಹುಡುಗ ತಿರುಗಿ ಕೇಳಿದ: "ಮುತ್ಯಾ, ನಿಮ್ಮ ಹಳೀ ಮನಿ ಯಾವ ಸೆಕ್ಟರಿನ್ಯಾಗಿತ್ತು?" ಮುತ್ಯಾ ನಕ್ಕು ಎದ್ದು ಬಂದು ನನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡರು.

ಒಂದೂವರೆ ತಾಸು ಬರೆದರು. ಮೊದಲು ಬಾವಿ. ಬಾವಿಯಿಂದ ಎಡಕ್ಕೆ ಬಡಿಗೇರ ಮನೆ, ಅದಕ್ಕೆ ಆತು ಅತ್ತಾರರ ಅಂಗಡಿ, ಎದುರಿಗೆ ಪತ್ತಾರರ ಕಟ್ಟೆ. ಒಂದು ಬೇವಿನ ಗಿಡ. ಗಿಡದ ಕೆಳಗೆ ಸಣ್ಣ ಸುತ್ತು ಹಾಕಿ, "ಇದು ಹೋಳಿ ಹುಣ್ಣಿಮಿಗೆ ಹಲಗಿ ಕಾಸೂ ಜಾಗಾ" ಎಂದರು. ಚರ್ಮ ಬಿಗಿಯಾಗಲು ಹಲಗಿಯನ್ನು ಬೆಂಕಿಗೆ ಹಿಡಿಯುತ್ತಾರಲ್ಲ, ಅದು. ಬಣ್ಣದ ಬಂಡಿ ಎಲ್ಲಿ ತಿರುಗುತ್ತಿತ್ತು, ಯಾವ ಮಾಳಿಗೆಯಿಂದ ಯಾರು ನೀರು ಸುರಿಯುತ್ತಿದ್ದರು, ಎಲ್ಲ ಬಂತು. (ಹೋಳಿ ವಾರದ ಹಾಜರಾತಿ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ನಿಮಗೇ ಗೊತ್ತು.) 43 ಮನೆಗಳಾದವು, ಮಕ್ಕಳು ಎಣಿಸಿದರು. ಬೋರ್ಡು ಮುಗಿದು ಘಟಪ್ರಭೆಗೆ ಜಾಗ ಉಳಿಯಲಿಲ್ಲ. ಹೊಳೆಯನ್ನು ಪಕ್ಕದ ಗೋಡೆಯ ಮೇಲೆ ಎಳೆದುಬಿಟ್ಟರು.

ಫೋನು ನನ್ನ ಕೈಯಲ್ಲೇ ಇತ್ತು. ಗಂಟೆ ಹೊಡೆಯಿತು, ನಾಳೆ ಫೋಟೊ ತೆಗೆದರಾಯಿತು ಎಂದುಕೊಂಡೆ. ಮರುದಿನ ನಾನು ತರಗತಿಗೆ ಹೋಗುವಷ್ಟರಲ್ಲಿ ಮಾನಿಟರ್ ಒದ್ದೆ ಬಟ್ಟೆಯಿಂದ ಬೋರ್ಡನ್ನು ಲಕಲಕ ಮಾಡಿ ನಿಂತಿದ್ದ. ಅವನ ತಪ್ಪಲ್ಲ. ಹಾಗೆ ಒರೆಸಲು ಕಲಿಸಿದವಳು ನಾನೇ. ಮುತ್ಯಾಗೆ ಹೇಳಿದೆ. "ಮೊದ್ಲ ನೀರಾಗ ಹ್ವಾತು, ಈಗ ಅರಿವ್ಯಾಗ ಹ್ವಾತು. ಇರ್ಲಿ, ಮತ್ತ ಬರಿಯೂಣು ಬಿಡ್ರಿ" ಎಂದರು. ಆಮೇಲೆ ಚಳಿ, ಕೆಮ್ಮು. ಶಾಲೆಗೆ ಬರುವುದೇ ಆಗಲಿಲ್ಲ.

ಅದಕ್ಕೆ ನಿಮ್ಮಲ್ಲಿ ಒಂದು ಕೇಳಿಕೆ. ನಾಲ್ಕರಿಂದ ಏಳನೇ ತರಗತಿಯ ಮಕ್ಕಳ ಕೈಯಲ್ಲಿ ಇವತ್ತು ಒಂದೊಂದು ದೊಡ್ಡ ಬಿಳಿ ಹಾಳೆ ಕಳಿಸಿದ್ದೇನೆ. ಮನೆಯಲ್ಲಿ ಮುತ್ಯಾ, ಆಯಿ ಯಾರೇ ಇರಲಿ, ಅವರು ಹೇಳಲಿ, ಮಕ್ಕಳು ಬರೆಯಲಿ. ಹಳೆ ಓಣಿಯಲ್ಲಿ ನಿಮ್ಮ ಮನೆ, ಎಡಕ್ಕೆ ಯಾರು, ಬಲಕ್ಕೆ ಯಾರು, ನೀರು ಎಲ್ಲಿಂದ ತರುತ್ತಿದ್ದಿರಿ. ಪೆನ್ಸಿಲ್ಲಿನಲ್ಲೇ ಬರೆಸಿ, ಆಯಿ ಎರಡು ಸಲವಾದರೂ ಅಳಿಸುತ್ತಾರೆ. ಬಾವಿ ಎಲ್ಲಿತ್ತು ಎನ್ನುವುದರಲ್ಲಿ ಇಬ್ಬರಿಗೆ ಜಗಳ ಬಂದರೆ ಎರಡು ಕಡೆಯೂ ಬಾವಿ ಬರೆಯಿರಿ, ನೀವು ತಿದ್ದಬೇಡಿ. ಬೇರೆ ಊರಿನಿಂದ ಬಂದವರು ನಿಮ್ಮ ಊರಿನ ಓಣಿಯನ್ನೇ ಬರೆಸಿ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹಿರಿಯರನ್ನು ಕರೆದುಕೊಂಡು ಬನ್ನಿ. ವರಾಂಡದಲ್ಲಿ ಕುರ್ಚಿ ಹಾಕಿರುತ್ತೇವೆ, ಚಹಾ ಚೂಡಾ ಇರುತ್ತದೆ. ನಡೆಯಲು ಆಗದವರ ಮನೆಗೆ ನಾನೇ ಬರುತ್ತೇನೆ, ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದರೆ ಸಾಕು. ಎಲ್ಲ ಹಾಳೆಗಳನ್ನು ಜೋಡಿಸಿ ಆರನೇ ತರಗತಿಯ ಗೋಡೆಗೆ ಅಂಟಿಸುತ್ತೇವೆ. ಮುತ್ಯಾ ಎಳೆದ ಹೊಳೆ ಅಲ್ಲಿ ಇನ್ನೂ ಇದೆ. ಗೋಡೆ ಎಂದು ಮಾನಿಟರ್ ಅದನ್ನು ಒರೆಸಿರಲಿಲ್ಲ. ಆ ಗೆರೆಯಿಂದಲೇ ಶುರು ಮಾಡುತ್ತೇವೆ. ಸುಣ್ಣ ಹೊಡೆಯುವವರಿಗೆ ಆ ಗೋಡೆ ಬಿಡಲು ಹೇಳಿದ್ದೇನೆ.

ನಿಮ್ಮ,
ಮುಖ್ಯ ಶಿಕ್ಷಕಿ

ತಾ.ಕ.: ಹಾಳೆ ಮಡಚಬೇಡಿ, ಸುರುಳಿ ಸುತ್ತಿ ಕಳಿಸಿ.